ಯಾರ ಮಾನ?
(ತಿಪ್ಪಸಂದ್ರದ ಸಭೆಯಲ್ಲಿ ಆಡಿದ ಮಾತು)



ನಾವು ಬಿ.ಎ. ಓದಿದವರು, ಪದ್ಯ ಬರೆಯುವವರು. ಹಸಿವಿನ ಮೇಲೆ ಬರೆದೆವು, ಕೆರೆ ನೀರು ಮುಟ್ಟಗೊಡದವರ ಮೇಲೆ ಬರೆದೆವು. ಆದರೆ ಮಾಗಡಿ ಬಸ್ಸಿನ ನೂಕುನುಗ್ಗಲಲ್ಲಿ ಬೆರಳ ಸಂದಿಗೆ ಪಿನ್ನು ಹಿಡಿದು ನಿಂತು ಕಾಲೇಜಿಗೆ ಹೋಗಿ ಬಂದ ಮೂರು ವರ್ಷದ ಮೇಲೆ ಒಂದು ಸಾಲೂ ಬರೆಯಲಿಲ್ಲ. ಮನೇಲಿ ಹೇಳಿದ್ದರೆ ನಮ್ಮ ಓದು ಬಿಡಿಸುತ್ತಿದ್ದರು. ಮೈ ಮುಟ್ಟಿದವನಿಗೆ ಬಸ್ಸು ಬಿಡಿಸುವವರು ಯಾರೂ ಇರಲಿಲ್ಲ.

ರಾಗಿ ಹೊಲದಲ್ಲಿ ಕಳೆ ಕೀಳುವ ಅವ್ವನಿಗಾಗಲಿ, ಗಾರ್ಮೆಂಟ್ಸಿನಲ್ಲಿ ಹೊಲಿಯುವ ತಂಗಿಗಾಗಲಿ, ಏನಾದರೂ ಆದರೆ ಕೇರಿ ಹೇಳುವುದು ಒಂದೇ ಮಾತು: ‘ಬಾಯ್ ಮುಚ್ಕೊಂಡಿರವ್ವ, ಮಾನ ಹೋಯ್ತದೆ.’ ಯಾರ ಮಾನ? ಕೈ ಹಾಕಿದವನದಲ್ಲವೆ? ಕಳ್ಳನನ್ನು ಬಿಟ್ಟು ಕಳಕೊಂಡವಳನ್ನು ಕಂಬಕ್ಕೆ ಕಟ್ಟುವ ನ್ಯಾಯ ಇದು.

2024ರ ಏಪ್ರಿಲ್‌ನಲ್ಲಿ, ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಪೆನ್ ಡ್ರೈವ್ ಹಂಚಿದರು. ಅದರಲ್ಲಿದ್ದ ಹೆಂಗಸರ ಮುಖವನ್ನೂ ಮುಚ್ಚಿರಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹೋಯಿತು. ನೋಡಿದವರಲ್ಲಿ ನಮ್ಮವರೂ ಇದ್ದರು. ಸಂಸದ ಪ್ರಜ್ವಲ್ ರೇವಣ್ಣ ದೇಶ ಬಿಟ್ಟು ಹೋದ. ಆ ಹೆಂಗಸರು ಎಲ್ಲಿಗೆ ಹೋಗಬೇಕಿತ್ತು? ಅಷ್ಟರ ನಡುವೆ, ಆ ಮನೆತನದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸು ದೂರು ಕೊಟ್ಟಳು. ಕೋರ್ಟಿನಲ್ಲಿ ನಿಂತು ಹೇಳಿದಳು. ಆಕೆಯ ಸೀರೆಯೂ ಡಿ.ಎನ್.ಎ. ಪರೀಕ್ಷೆಯಲ್ಲಿ ಸಾಕ್ಷಿ ನುಡಿಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆತ ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ಮಾಜಿ ಪ್ರಧಾನಿಯ ಮೊಮ್ಮಗ ಒಂದು ಕಡೆ, ಮನೆಗೆಲಸದ ಹೆಂಗಸು ಒಂದು ಕಡೆ. ಆಕೆಯ ಹೆಸರು ನಮಗೆ ಬೇಡ, ಧೈರ್ಯ ಬೇಕು.

ಈ ದಾರಿ ಸುಮ್ಮನೆ ಆದದ್ದಲ್ಲ. 1972ರಲ್ಲಿ ಮಹಾರಾಷ್ಟ್ರದ ಮಥುರಾ ಎಂಬ ಆದಿವಾಸಿ ಹುಡುಗಿ, ಠಾಣೆಯೊಳಗೇ ಪೊಲೀಸರು ನನ್ನನ್ನು ಕೆಡಿಸಿದರು ಎಂದಳು. 1978ರಲ್ಲಿ ಸುಪ್ರೀಂ ಕೋರ್ಟು, ಮೈಮೇಲೆ ಗಾಯವಿಲ್ಲವೆಂದು ಅವರನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಮಥುರಾಗೆ ನ್ಯಾಯ ಸಿಗಲಿಲ್ಲ. ಆದರೆ ಆಕೆ ಬಾಯಿ ಬಿಟ್ಟದ್ದರಿಂದ ಹಿಂದೆ ಬಂದವರಿಗೆ ದಾರಿಯಾಯಿತು.

ಆದ್ದರಿಂದ ಇಷ್ಟು ತಿಳಕೊಳ್ಳಿ. ಉಟ್ಟ ಬಟ್ಟೆ ಒಗೆಯಬೇಡಿ. ಯಾವ ಠಾಣೆಗೆ ಹೋದರೂ ದೂರು ಬರಕೊಳ್ಳಲೇಬೇಕು. ಬರಕೊಳ್ಳದ ಪೊಲೀಸನಿಗೂ ಶಿಕ್ಷೆಯಿದೆ. ಮಾಡಿದವನು ಪರಿಶಿಷ್ಟರಲ್ಲದವನಾದರೆ 1989ರ ದೌರ್ಜನ್ಯ ತಡೆ ಕಾಯ್ದೆ ಹಾಕಿಸಿ. ಡಿವೈಎಸ್ಪಿಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆಗೆ ಬರಬೇಕು.

ಮಾಡಿದವನು ನಮ್ಮವನೇ ಆದರೆ? ಆಗಲೂ ಠಾಣೆಯೇ. ಕೇರಿ ಯಜಮಾನರು ಕೂತು ದಂಡ ಹಾಕಿ ರಾಜಿ ಮಾಡಿದರೆ, ಗೌಡರ ಜಗಲಿ ನ್ಯಾಯಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ? ‘ಸಂಘಟನೆ ಒಡೆದೋಯ್ತದೆ, ಸುಮ್ನಿರಿ’ ಅನ್ನುವವರು ಕೇಳಿ: ಹೆಣ್ಣಿನ ಬಾಯಿ ಹೊಲಿದು ಕಟ್ಟುವ ಸಂಘಟನೆ ನಮಗೆ ಬೇಡ.

ಹೇಳಲಾರದೆ ಬದುಕುತ್ತಿರುವವರೂ ಇಲ್ಲಿ ಕೂತಿದ್ದೀರಿ. ನಿಮ್ಮನ್ನು ಹೇಳಿ ಹೇಳಿ ಎಂದು ಯಾರೂ ಹಿಂಸೆ ಮಾಡಕೂಡದು. ಇಪ್ಪತ್ತು ವರ್ಷ ಬಿಟ್ಟು ಹೇಳಿದರೂ ‘ಇಷ್ಟು ದಿನ ಯಾಕೆ ಹೇಳ್ಲಿಲ್ಲ’ ಅಂತ ಯಾರೂ ಕೇಳಕೂಡದು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳೋಣ. ಠಾಣೆಗೆ ಜೊತೆಗೆ ಹೋಗೋಣ. ಮಾರನೆ ದಿನ ಆಕೆ ಕೂಲಿಗೆ ತಲೆಯೆತ್ತಿ ಹೋಗಿ ಬರುವ ಹಾಗೆ ನೋಡಿಕೊಳ್ಳೋಣ.

ನಾವು ನಮ್ಮ ಪಿನ್ನಿನ ಮಾತು ಹೇಳಿದ್ದೇವೆ. ಮೈಕು ಇಲ್ಲಿದೆ. ಇನ್ನೊಬ್ಬ ಅಕ್ಕ ಬರುವುದಾದರೆ ಬರಲಿ. ಮೈಕು ಬೇಡವಾದರೆ, ಸಭೆ ಮುಗಿದ ಮೇಲೂ ನಾವು ಇಲ್ಲೇ ಕೂತಿರುತ್ತೇವೆ.

ಜೈ ಭೀಮ್.