ಮಾವಿನಕಾಯಿ ಊರೂರು ಸುತ್ತಿತು, ಆಡು ಮಾತ್ರ ಬರಲಿಲ್ಲ

ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳು ಬಂದರೆಂದರೆ ಮೊದಲು ಹಾರ, ಆಮೇಲೆ ಶಾಲು, ಕೊನೆಗೆ ಹಣ್ಣಿನ ಬುಟ್ಟಿ. ಹೊದಿಸಿದ ಶಾಲನ್ನು ಅವರು ಫೋಟೋ ಮುಗಿಯುವ ತನಕ ಹೇಗೋ ಹೊದ್ದುಕೊಂಡಿರುತ್ತಾರೆ. ಕುರ್ಚಿಗೆ ಮರಳಿದ ಕೂಡಲೇ ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಸನ್ಮಾನದ ಶಾಲು ಸಾಮಾನ್ಯವಾಗಿ ಪಾಲಿಯೆಸ್ಟರ್‌ನದು. ಅದು ಬೆವರು ಹೀರುವುದಿಲ್ಲ. ನಯವಾದ ಎಳೆಗಳ ತೆಳು ಬಟ್ಟೆಯಾದ್ದರಿಂದ ನಿಜವಾದ ಚಳಿ ಬಂದರೆ ಕಾಪಾಡುವುದೂ ಅಷ್ಟಕ್ಕಷ್ಟೇ. ಆದರೂ ಮುಂದಿನ ಸಲ ಅಂಥ ಶಾಲು ಕೈಗೆ ಸಿಕ್ಕಿದರೆ ಅದರ ಅಂಚನ್ನು ಸ್ವಲ್ಪ ಹತ್ತಿರದಿಂದ ನೋಡಿ. ತುದಿಯನ್ನು ಒಂದು ಪಕ್ಕಕ್ಕೆ ಕೊಂಕಿಸಿಕೊಂಡ ಮಾವಿನಕಾಯಿಗಳು ಜರಿಯಲ್ಲಿ ಸಾಲಾಗಿ ನಿಂತಿರಬಹುದು. ಶಾಲಿನ ಮೇಲೆ ಆ ಚಿತ್ರ ಹೆಸರು ಮಾಡಿದ್ದು ಕಾಶ್ಮೀರದಲ್ಲಿ.

ಕಾಶ್ಮೀರದ ಶಾಲನ್ನು ದೊಡ್ಡದು ಮಾಡಿದ್ದು ಎರಡು ಸಂಗತಿಗಳು: ಒಂದು ಕೂದಲು, ಇನ್ನೊಂದು ಚಿತ್ರ. ಚಿತ್ರ ಪ್ರಪಂಚವನ್ನೆಲ್ಲ ಸುತ್ತಿಬಂತು. ಕೂದಲು ಅಷ್ಟು ಸುಲಭವಾಗಿ ಯಾರ ಕೈಗೂ ಸಿಗಲಿಲ್ಲ. ಮೊದಲು ಕೂದಲಿನ ವಿಷಯ ನೋಡೋಣ.

ಲಡಾಖಿನ ಪೂರ್ವಕ್ಕೆ ಚಾಂಗ್‌ಥಾಂಗ್ ಎಂಬ ಬಯಲಿದೆ. ಬಯಲು ಎಂದರೂ ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿದೆ. ಮರಗಳಿಲ್ಲ, ಕುರುಚಲು ಹುಲ್ಲು, ಮೈ ಕೊರೆಯುವ ಗಾಳಿ. ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಅಲ್ಲಿ ಚಾಂಗ್ಪಾ ಎಂಬ ಅಲೆಮಾರಿ ಜನ ಆಡು ಮೇಯಿಸುತ್ತಾರೆ. ಆ ಆಡಿನ ಮೈಮೇಲೆ ಎರಡು ಬಗೆಯ ಕೂದಲಿದೆ. ಹೊರಗೆ ಕಾಣುವುದು ಉದ್ದನೆಯ ಒರಟು ಕೂದಲು. ಅದನ್ನು ಬೆರಳಿನಿಂದ ಸರಿಸಿ ನೋಡಿದರೆ ಒಳಗೆ ಮೆತ್ತನೆಯ ಇನ್ನೊಂದು ಕೂದಲು ಚರ್ಮಕ್ಕೆ ಅಂಟಿಕೊಂಡಂತೆ ಬೆಳೆದಿರುತ್ತದೆ. ಪಶ್ಮೀನಾ ಎಂದರೆ ಈ ಒಳಗೂದಲು.

ಚಳಿಗಾಲ ಬರುತ್ತಿದೆ ಎಂದು ಆಡಿಗೆ ತಿಳಿಸುವವರು ಯಾರು? ಚಳಿಗಾಳಿ ಎಂದು ನೀವು ಹೇಳಬಹುದು. ಅದಕ್ಕಿಂತ ಮೊದಲೇ ಸುದ್ದಿ ಮುಟ್ಟಿಸುವುದು ಹಗಲಿನ ಉದ್ದ. ಬೇಸಿಗೆ ಕಳೆದು ಹಗಲು ಕುಗ್ಗಿ ರಾತ್ರಿ ಬೆಳೆಯುತ್ತಾ ಹೋದಂತೆ ಆಡಿನ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಹೊತ್ತು ಒಸರುತ್ತದೆ. ಚರ್ಮದೊಳಗಿನ ಸಣ್ಣ ಕೂದಲಿನ ಬೇರುಗಳಿಗೆ ಅದೇ ಸೂಚನೆ. ಅವು ಕೆಲಸ ಶುರು ಮಾಡುತ್ತವೆ. ವಸಂತದಲ್ಲಿ ಹಗಲು ಮತ್ತೆ ಉದ್ದವಾದಾಗ ಒಳಗೂದಲು ತಾನಾಗಿಯೇ ಸಡಿಲಾಗುತ್ತದೆ. ಆಗ ಬಾಚಣಿಗೆ ಹಿಡಿದು ಬಾಚಿ ತೆಗೆಯುತ್ತಾರೆ. ಒಂದು ಆಡಿನಿಂದ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ ಮಾತ್ರ. ಒರಟು ಕೂದಲು, ಧೂಳು, ಜಿಡ್ಡು ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಇನ್ನೂ ಕಡಿಮೆ.

ಅದರ ತೆಳುವನ್ನು ಅಳೆಯಲು ಮೈಕ್ರಾನ್ ಬೇಕು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಿಮ್ಮ ತಲೆಗೂದಲಿನ ದಪ್ಪ 60 ಮೈಕ್ರಾನ್ ಎಂದಿಟ್ಟುಕೊಳ್ಳಿ. ಒಳ್ಳೆಯ ಪಶ್ಮೀನಾ 12ರಿಂದ 15 ಮೈಕ್ರಾನ್. ನಾಲ್ಕನೇ ಒಂದು ಪಾಲು ತಾನೇ ಎನ್ನಬೇಡಿ, ಇಲ್ಲೊಂದು ಲೆಕ್ಕದ ಚಮತ್ಕಾರವಿದೆ. ಎಳೆಯ ಅಗಲ ನಾಲ್ಕನೇ ಒಂದಾದರೆ ಅದನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ದುಂಡು ಮುಖದ ವಿಸ್ತೀರ್ಣ ಹದಿನಾರನೇ ಒಂದಾಗುತ್ತದೆ. ನಿಮ್ಮ ಒಂದು ತಲೆಗೂದಲನ್ನು ಉದ್ದಕ್ಕೆ ಸೀಳಬಹುದಾಗಿದ್ದರೆ ಅದರಿಂದ 15 ಮೈಕ್ರಾನಿನ 16 ಎಳೆಗಳು ಸಿಗುತ್ತಿದ್ದವು! ತೂಕ ಅಷ್ಟೇ, ಎಳೆಗಳು ಹದಿನಾರು ಪಟ್ಟು.

ಇಷ್ಟೊಂದು ಎಳೆಗಳಿದ್ದರೆ ಏನು ಲಾಭ? ಅವುಗಳ ನಡುವೆ ಸಣ್ಣ ಸಣ್ಣ ಸಂದುಗಳು ಅಸಂಖ್ಯ. ಪ್ರತಿ ಸಂದಿನಲ್ಲೂ ಸ್ವಲ್ಪ ಗಾಳಿ ಸಿಕ್ಕಿಹಾಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ಶಾಲು ನಿಮ್ಮನ್ನು ಬೆಚ್ಚಗೆ ಮಾಡುವುದಿಲ್ಲ. ನಿಮ್ಮ ಮೈಯ ಬಿಸಿ ಹೊರಗೆ ಓಡದಂತೆ ತಡೆಯುತ್ತದೆ, ಅಷ್ಟೇ. ಆ ಕೆಲಸ ಮಾಡುವುದು ಬಹುಪಾಲು ಗಾಳಿ. ಕೂದಲಿನ ಕೆಲಸ ಗಾಳಿಯನ್ನು ಹಿಡಿದು ಕೂರಿಸುವುದು. ಪ್ರಾಣಿಗಳ ಕೂದಲಿಗೆ ಇನ್ನೊಂದು ಗುಣವೂ ಇದೆ. ತನ್ನ ತೂಕದ ಮೂರನೇ ಒಂದರ ಹತ್ತಿರದಷ್ಟು ನೀರಾವಿಯನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ.

ಹಾಗಾದರೆ ನಮ್ಮ ಕಂಬಳಿ? ಚಿತ್ರದುರ್ಗ, ಹಾವೇರಿ ಕಡೆ ಕುರುಬರು ಡೆಕ್ಕನಿ ಕುರಿಯ ಉಣ್ಣೆಯಿಂದ ನೇಯುವ ಕರಿ ಕಂಬಳಿಯೂ ಗಾಳಿಯನ್ನು ಹಿಡಿಯುತ್ತದೆ. ಆದರೆ ಹೊದ್ದವರ ಕುತ್ತಿಗೆ ಚುಚ್ಚುತ್ತದೆ. ಕಾರಣ ಮತ್ತೆ ದಪ್ಪ. ಎಳೆ ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಚರ್ಮಕ್ಕೆ ತಗುಲಿದಾಗ ಬಾಗುವುದಿಲ್ಲ, ಚರ್ಮವನ್ನೇ ಒತ್ತುತ್ತದೆ. ನರಕ್ಕೆ ಅದು ಚುಚ್ಚಿದಂತೆ. ತೆಂಗಿನ ಕಡ್ಡಿ ಪೊರಕೆಯ ತುದಿಗೆ ಅಂಗೈ ಒತ್ತಿ, ಆಮೇಲೆ ಹುಲ್ಲಿನ ಪೊರಕೆಗೆ ಒತ್ತಿ ನೋಡಿ, ತಿಳಿಯುತ್ತದೆ. ಇದರಲ್ಲೂ ಒಂದು ಲೆಕ್ಕವಿದೆ: ಎಳೆಯ ದಪ್ಪ ಅರ್ಧವಾದರೆ ಅದರ ಬಿರುಸು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಹಾಗೆಂದು ಕಂಬಳಿಯನ್ನು ಕಡೆಗಣಿಸಬೇಡಿ. ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಜಿಟಿಜಿಟಿ ಮಳೆಯಲ್ಲಿ ದಿನವಿಡೀ ಕುರಿ ಕಾಯಬಹುದು. ಪಶ್ಮೀನಾ ಹೊದ್ದು ಅದನ್ನು ಮಾಡಲು ಹೋದರೆ ದುಡ್ಡೂ ಹೋಯಿತು, ಶಾಲೂ ಹೋಯಿತು.

ಈಗ ಚಿತ್ರ. ಕಾಶ್ಮೀರದ ಹಳೆಯ ಶಾಲುಗಳ ಅಂಚಿನಲ್ಲಿ ಮಾವಿನಕಾಯಿ ಇರಲಿಲ್ಲ. ಮೊಘಲರ ಕಾಲದಲ್ಲಿ, ಅಂದರೆ 17ನೇ ಶತಮಾನದಲ್ಲಿ, ಒಂದೊಂದೇ ಹೂಗಿಡವನ್ನು ಬಿಡಿಬಿಡಿಯಾಗಿ ನೇಯುತ್ತಿದ್ದರು. ಕೆಲವದರಲ್ಲಿ ಬೇರು ಕೂಡ ಕಾಣುತ್ತದೆ. ನೂರು ವರ್ಷ ಕಳೆಯುವಷ್ಟರಲ್ಲಿ ಒಂಟಿ ಗಿಡ ಹೋಗಿ ಹೂಗೊಂಚಲು ಬಂತು. ಗೊಂಚಲು ದಟ್ಟವಾಗುತ್ತಾ ಅದರ ಸುತ್ತ ಒಂದು ಗೆರೆ ಮೂಡಿತು, ತುದಿ ಪಕ್ಕಕ್ಕೆ ಬಾಗಿತು. ಅದೇ ಬುಟ್ಟಾ. 19ನೇ ಶತಮಾನದ ನಡುವಿಗೆ ಬರುವಾಗ ಅದು ಎಳೆದಂತೆ ಉದ್ದವಾಗಿ, ಬಳ್ಳಿಯಂತೆ ಸುರುಳಿ ಸುತ್ತಿ ಶಾಲಿನ ಮೈಯನ್ನೆಲ್ಲ ತುಂಬಿತು. ನನಗೆ ಕೇಳಿದರೆ ಬೇರಿನ ಸಮೇತ ನಿಂತ ಆ ಮೊದಲಿನ ಪುಟ್ಟ ಗಿಡವೇ ಚೆಂದ. ಸುತ್ತ ಖಾಲಿ ಜಾಗವಿದ್ದರೆ ಕಣ್ಣಿಗೆ ಕೂರಲು ಒಂದು ತಾವು ಸಿಗುತ್ತದೆ.

ಇದನ್ನು ನೇಯುವ ರೀತಿ ಕೇಳಿ. ಕನಿಹಾಮಾ ಎಂಬ ಊರಿನ ಹೆಸರಿನೊಂದಿಗೇ ಬೆಸೆದುಕೊಂಡ ಕಾನಿ ಶಾಲಿನಲ್ಲಿ ನಮ್ಮ ಮಗ್ಗದಂತೆ ಒಂದು ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವುದಿಲ್ಲ. ಬಣ್ಣಕ್ಕೊಂದು, ಜಾಗಕ್ಕೊಂದು ಎಂದು ನೂರಾರು ಪುಟ್ಟ ಮರದ ಕಡ್ಡಿಗಳಿಗೆ ನೂಲು ಸುತ್ತಿಟ್ಟಿರುತ್ತಾರೆ. ಕೆಂಪು ಹೂವಿನ ಎಸಳಿಗೆ ನಾಲ್ಕೇ ಎಳೆಯಷ್ಟು ಕೆಂಪು ಬೇಕಿದ್ದರೆ ಕೆಂಪು ಕಡ್ಡಿ ನಾಲ್ಕೇ ಎಳೆ ದಾಟಿ, ಪಕ್ಕದ ಹಸಿರು ನೂಲಿಗೆ ಕೊಂಡಿ ಹಾಕಿ ಹಿಂದಕ್ಕೆ ತಿರುಗುತ್ತದೆ. ಎದುರಿಗೆ ಚಿತ್ರ ಇರುವುದಿಲ್ಲ! ಇರುವುದು ತಾಲೀಮ್ ಎಂಬ ಕಾಗದ. ಅದರಲ್ಲಿ ಗುರುತುಗಳ ಸಾಲು ಸಾಲು. ಎರಡು ಹಳದಿ, ನಾಲ್ಕು ಕೆಂಪು, ಒಂದು ಹಸಿರು, ಆರು ಬಿಳಿ ಎಂಬಂತೆ ಎಣಿಕೆ ಮತ್ತು ಬಣ್ಣ. ಒಬ್ಬರು ಅದನ್ನು ರಾಗವಾಗಿ ಓದುತ್ತಾರೆ, ನೇಯುವವರು ಕೇಳಿಸಿಕೊಂಡು ಕಡ್ಡಿ ತಿರುಗಿಸುತ್ತಾರೆ. ಒಂದು ಸಾಲು ಮುಗಿದರೆ ಬಟ್ಟೆ ಬೆಳೆಯುವುದು ಒಂದು ನೂಲಿನ ದಪ್ಪದಷ್ಟು. ತುಂಬು ಚಿತ್ರದ ಒಂದು ಶಾಲಿಗೆ ವರ್ಷಕ್ಕಿಂತ ಹೆಚ್ಚೇ ಹಿಡಿಯಬಹುದು. ಹೂವನ್ನು ಎಣಿಕೆಗೆ ಇಳಿಸಿ, ಎಣಿಕೆಯನ್ನು ಮತ್ತೆ ಹೂವಾಗಿಸುವುದು. ಇಂದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಮಾಡುವ ಕೆಲಸದ ಜಾತಿಯೇ ಇದು.

18ನೇ ಶತಮಾನದ ಕೊನೆಗೆ ಈ ಶಾಲುಗಳು ಯುರೋಪಿನಲ್ಲಿ ಹುಚ್ಚು ಹಿಡಿಸಿದವು. ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ಬಳಿ ಶಾಲುಗಳ ರಾಶಿಯೇ ಇತ್ತು. ಬೆಲೆ ಮಾತ್ರ ಎಲ್ಲರಿಗೂ ಎಟುಕುವಂತಿರಲಿಲ್ಲ. ಹಾಗಾದರೆ ಆಡನ್ನೇ ತಂದರೆ ಆಗದೇ? ಈಸ್ಟ್ ಇಂಡಿಯಾ ಕಂಪನಿಯಲ್ಲಿ ಪಶುವೈದ್ಯನಾಗಿದ್ದ ವಿಲಿಯಂ ಮೂರ್‌ಕ್ರಾಫ್ಟ್ 1812ರಲ್ಲಿ ವೇಷ ಮರೆಸಿಕೊಂಡು ಹಿಮಾಲಯ ದಾಟಿ ಪಶ್ಚಿಮ ಟಿಬೆಟ್ಟಿಗೆ ಹೋಗಿ ಆಡುಗಳನ್ನು ಕೊಂಡು ತಂದ. ಹಡಗು ಹತ್ತಿ ಸ್ಕಾಟ್ಲೆಂಡ್ ಮುಟ್ಟಿದ ಬೆರಳೆಣಿಕೆಯ ಆಡುಗಳೂ ಹೆಚ್ಚು ದಿನ ಬದುಕಲಿಲ್ಲ. ಆಡು ಬರಲಿಲ್ಲ, ಚಿತ್ರವನ್ನಾದರೂ ತೆಗೆದುಕೊಳ್ಳೋಣ ಎಂದು ಅಲ್ಲಿನ ನೇಕಾರರು ಕುರಿಯುಣ್ಣೆ, ರೇಷ್ಮೆ, ಹತ್ತಿಯಲ್ಲಿ ಬುಟ್ಟಾ ನೇಯ್ದರು. ಆ ಕೆಲಸದಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಪಟ್ಟಣ ಎಷ್ಟು ಮುಂದೆ ಹೋಯಿತೆಂದರೆ ಇಂಗ್ಲಿಷಿನಲ್ಲಿ ಬುಟ್ಟಾಕ್ಕೆ ಆ ಊರಿನ ಹೆಸರೇ ನಿಂತಿತು. ಕಾಶ್ಮೀರದ ನೇಕಾರರಿಗೆ ಇದು ನ್ಯಾಯವಲ್ಲ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಪೈಸ್ಲಿಯ ನೇಕಾರರಿಗೆ ನೆರವಾದ ಯಂತ್ರ ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ತಯಾರಿಸಿದ್ದು. ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತು ಕೊರೆದು ಮಗ್ಗದ ಮೇಲೆ ಹಾಯಿಸುತ್ತಾರೆ. ತೂತು ಇದ್ದ ಕಡೆ ಸೂಜಿ ನುಗ್ಗಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಎಳೆ ಸುಮ್ಮನಿರುತ್ತದೆ. ಒಂದು ಕಾರ್ಡು, ಒಂದು ಸಾಲು. ತಾಲೀಮ್ ಓದುವವರ ಜಾಗಕ್ಕೆ ತೂತಿನ ಕಾರ್ಡು ಬಂದು ಕೂತಿತು. ಹೀಗೆ ನೇಯ್ದ ಜಕಾರ್ಡನ ಒಂದು ರೇಷ್ಮೆ ಭಾವಚಿತ್ರಕ್ಕೆ ಸುಮಾರು 24,000 ಕಾರ್ಡುಗಳು ಬೇಕಾಗಿದ್ದವು. ಕಂಪ್ಯೂಟರಿನ ಮೊದಲ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಆ ಚಿತ್ರವನ್ನು ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ. ತನ್ನ ಲೆಕ್ಕದ ಯಂತ್ರಕ್ಕೂ ಅಂಥದೇ ಕಾರ್ಡು ಬಳಸಬೇಕೆಂದು ಅವನು ಯೋಜನೆ ಹಾಕಿದ್ದ.

ಯಂತ್ರದ ಶಾಲನ್ನು ಗುರುತಿಸುವುದು ಹೇಗೆ? ತಿರುಗಿಸಿ ನೋಡಬೇಕು. ಜಕಾರ್ಡ್ ಮಗ್ಗದಲ್ಲಿ ಬಣ್ಣದ ನೂಲು ಅಂಚಿನಿಂದ ಅಂಚಿಗೆ ಓಡುತ್ತದೆ. ಬೇಡದ ಕಡೆ ಹಿಂಬದಿಯಲ್ಲಿ ಜೋತಾಡುತ್ತದೆ. ತೂಕ ಕಡಿಮೆ ಮಾಡಲು ಅದನ್ನು ಕತ್ತರಿಸಿಬಿಡುತ್ತಿದ್ದರು. ಹಾಗಾಗಿ ಪೈಸ್ಲಿ ಶಾಲಿನ ಬೆನ್ನಿನಲ್ಲಿ ಕತ್ತರಿಸಿದ ನೂಲಿನ ತುದಿಗಳು. ಕಾನಿ ಶಾಲಿನ ಬೆನ್ನಿನಲ್ಲಿ ಬಣ್ಣಕ್ಕೆ ಬಣ್ಣ ಕೊಂಡಿ ಹಾಕಿದ ಸಣ್ಣ ದಿಂಡುಗಳು.

ಈಗ ಅಮೃತಸರದ ಕಾರ್ಖಾನೆಗಳ ಜಕಾರ್ಡ್ ಮಗ್ಗಗಳಲ್ಲಿ ಕಾರ್ಡಿನ ಬದಲು ಕಂಪ್ಯೂಟರ್ ಕಡತ ಸಾಕು. ನೇಯುವುದೇ ಬೇಡ ಎಂದರೆ ಬಟ್ಟೆಯ ಮೇಲೆ ಬುಟ್ಟಾವನ್ನು ಮುದ್ರಿಸಲೂಬಹುದು. ಚಿತ್ರದ ಕಷ್ಟ ಮುಗಿಯಿತು. ಕೂದಲಿನ ಕಷ್ಟ ಮುಗಿದಿಲ್ಲ. ಅದಕ್ಕೆ ಬದಲಿಯಾಗಿ ಬಂದವರಲ್ಲಿ ಒಬ್ಬ ವಿಸ್ಕೋಸ್. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿದರೆ ಹೊಳೆಯುವ ಎಳೆ ಬರುತ್ತದೆ. ಹರಿಹರದ ಹತ್ತಿರ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಇದನ್ನು ತಯಾರಿಸುತ್ತಾರೆ. ಬಿದಿರಿನ ಶಾಲು ಎಂದು ಮಾರುವುದೂ ಹೆಚ್ಚಿನ ಸಲ ಇದೇ ದಾರಿಯಲ್ಲಿ ಬಂದ ಎಳೆ. ಇನ್ನೊಬ್ಬ ಅಕ್ರಿಲಿಕ್, ಹುಟ್ಟಿದ್ದು ಪೆಟ್ರೋಲಿಯಂನಿಂದ. ಅಗ್ಗ, ನುಸಿ ತಿನ್ನುವುದಿಲ್ಲ. ಆದರೆ ತೇವ ಹೀರದ ಕಾರಣ ಒಣಹವೆಯಲ್ಲಿ ತಲೆಯ ಮೇಲಿಂದ ತೆಗೆದರೆ ಚಟಚಟ ಎಂದು ಕೂದಲನ್ನೆಲ್ಲ ನಿಲ್ಲಿಸುತ್ತದೆ. ಇನ್ನೊಂದು ತೊಂದರೆ ದೊಡ್ಡದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಯಂತ್ರದಲ್ಲಿ ಒಗೆದರೆ 7 ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಎಳೆಚೂರುಗಳು ನೀರಿಗೆ ಸೇರಬಹುದು.

ಪಶ್ಮೀನಾಕ್ಕಿಂತ ತೆಳುವಾದ ಶಾಹತೂಶ್ ಎಂಬ ಕೂದಲೂ ಇದೆ, ಚಿರು ಎಂಬ ಟಿಬೆಟ್ಟಿನ ಜಿಂಕೆಯಂಥ ಪ್ರಾಣಿಯದು. ಬಾಚಲು ಚಿರು ನಿಲ್ಲುವುದಿಲ್ಲ, ಕೊಂದೇ ತೆಗೆಯಬೇಕು. ಒಂದು ಶಾಲಿಗೆ ಮೂರರಿಂದ ಐದು ಚಿರುಗಳು. ಅದರ ವ್ಯಾಪಾರಕ್ಕೆ ಈಗ ನಿಷೇಧವಿದೆ, ಇರಲೇಬೇಕು.

ನಿಜವಾದ ಪಶ್ಮೀನಾದ ಎಳೆ ಗಿಡ್ಡ, ನಾಜೂಕು. ಯಂತ್ರದಲ್ಲಿ ನೂಲುವಾಗ ಕಡಿದುಹೋಗುತ್ತದೆಂದು ಕೆಲವರು ನೈಲಾನ್ ಬೆರೆಸಿ ನೂಲುತ್ತಾರೆ. ನೇಯ್ದ ಮೇಲೆ ಆಮ್ಲದಲ್ಲಿ ಅದ್ದಿ ನೈಲಾನನ್ನು ಕರಗಿಸುತ್ತಾರೆ. ಆಮ್ಲ ಕೂದಲಿಗೂ ಪೆಟ್ಟು ಕೊಡುತ್ತದೆ. 2008ರಲ್ಲಿ ಕಾಶ್ಮೀರ ಪಶ್ಮೀನಾಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿತು. ಅದರ ನಿಯಮ ಕಟ್ಟುನಿಟ್ಟು: ಎಳೆ 16 ಮೈಕ್ರಾನ್ ಮೀರಬಾರದು, ನೂಲುವುದೂ ನೇಯುವುದೂ ಕೈಯಿಂದಲೇ ಆಗಬೇಕು. ಶ್ರೀನಗರದ ಕೇಂದ್ರದಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ಚೀಟಿ ಅಂಟಿಸುತ್ತಾರೆ. ಆಡಿನ ಕಡೆಯೂ ವಿಜ್ಞಾನಿಗಳು ಸುಮ್ಮನಿಲ್ಲ. 2012ರ ಮಾರ್ಚ್ 9ರಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನೂರಿ ಎಂಬ ಪಶ್ಮೀನಾ ಆಡಿನ ಮರಿ ತದ್ರೂಪಿಯಾಗಿ ಹುಟ್ಟಿತು.

ಅಂಗಡಿಯವರು ಉಂಗುರದೊಳಗೆ ಶಾಲು ತೂರಿಸಿ "ನೋಡಿ, ಅಸಲಿ" ಎಂದರೆ ನಂಬಬೇಡಿ. ತೆಳು ವಿಸ್ಕೋಸ್ ಕೂಡ ತೂರುತ್ತದೆ. ಅಂಚಿನಿಂದ ಬಿದ್ದ ಒಂದು ನೂಲನ್ನು ದೊಡ್ಡವರು ಚಿಮ್ಮಟದಲ್ಲಿ ಹಿಡಿದು ಸುಟ್ಟರೆ ಸುಳಿವು ಸಿಗುತ್ತದೆ. ತಲೆಗೂದಲು ಸುಟ್ಟ ವಾಸನೆ ಬಂದು ಕೈಯಲ್ಲಿ ಪುಡಿಯಾದರೆ ಉಣ್ಣೆಯೋ ಪಶ್ಮೀನಾವೋ ರೇಷ್ಮೆಯೋ ಇರಬೇಕು. ಕಾಗದ ಸುಟ್ಟ ವಾಸನೆಯಾದರೆ ವಿಸ್ಕೋಸ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಈ ಪ್ರಯೋಗಕ್ಕೆ ಅಜ್ಜಿಯ ಶಾಲಿನ ನೂಲೇ ಬೇಕಿದ್ದರೆ ಮೊದಲು ಅಜ್ಜಿಯನ್ನು ಕೇಳಿ.