ಅಂಗೈಯ ಉಳುಕನ್ನು ಹಗುರಾಗಿ ಎಣಿಸಬೇಡಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ತಟ್ಟೆ ಹೊರುವವನಿಗೂ ಗಿರಣಿಯಲ್ಲಿ ಎಳೆ ಕಟ್ಟುವವನಿಗೂ ಕೈಯೇ ಬಂಡವಾಳ. ಆ ಕೈಗೆ ಬೀಳುವ ಒಂದು ಮೋಸದ ಪೆಟ್ಟಿನ ವಿಷಯವಾಗಿ ಎರಡು ಮಾತು ಹೇಳುತ್ತೇನೆ.

ಒದ್ದೆ ನೆಲದಲ್ಲಿ ಕಾಲು ಜಾರಿ ಅಂಗೈಯೂರಿ ಬೀಳುತ್ತೇವೆ; ಇಲ್ಲವೆ ಬಿಗಿಯಾಗಿ ಹಿಡಿದ ಸುತ್ತಿಗೆಯ ಹಿಡಿಕೆ ಅಂಗೈಗೆ ಬಡಿಯುತ್ತದೆ. ಉಳುಕೆಂದು ಎಣ್ಣೆ ತಿಕ್ಕಿಸಿ ಕೆಲಸಕ್ಕೆ ಹೋಗುತ್ತೇವೆ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಕಿರುಬೆರಳಿನ ತುದಿ ಮಡಚುವುದೇ ಇಲ್ಲ. ಹೊಸ ಪೆಟ್ಟಿಲ್ಲ, ಕೆಲವೊಮ್ಮೆ ನೋವೂ ಇಲ್ಲ. ಇದೇನು ಮಾಯೆ?

ಮಾಯೆಯಲ್ಲ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಬೆರಳು ಮಡಿಸುವ ಸ್ನಾಯುಗಳು ಮುಂದೋಳಿನಲ್ಲಿವೆ. ಅವುಗಳ 9 ಹುರಿಗಳು ಮಣಿಕಟ್ಟಿನ ಇಕ್ಕಟ್ಟು ಸುರಂಗದಲ್ಲಿ ಹಾದು ಬೆರಳಿಗೆ ಬರುತ್ತವೆ. ಹೆಬ್ಬೆರಳಿಗೆ ಒಂದು, ಉಳಿದವಕ್ಕೆ ಎರಡೆರಡು. ಕಿರುಬೆರಳಿನ ಕಡೆಯ ‘ಹ್ಯಾಮೇಟ್’ ಎಂಬ ಮೂಳೆಗೆ ಒಂದು ಕೊಕ್ಕೆಯಿದೆ. ಬಾವಿಯ ಹಗ್ಗಕ್ಕೆ ರಾಟೆ ಹೇಗೋ, ಕಿರುಬೆರಳು, ಉಂಗುರಬೆರಳುಗಳ ಹುರಿಗೆ ಆ ಕೊಕ್ಕೆ ಹಾಗೆ. ಅದು ಮುರಿದು ಕೂಡದೆ ಉಳಿದರೆ ಅಂಚು ಒರಟಾಗುತ್ತದೆ. ಹಿಡಿ ಬಿಗಿದಾಗಲೆಲ್ಲ ಹುರಿ ಅದಕ್ಕೆ ಉಜ್ಜುತ್ತದೆ. ಗಿರಣಿಯವರಿಗೆ ಗೊತ್ತು: ನೂಲು ಹಾಯುವ ದಾರಿಯಲ್ಲಿ ಮುಕ್ಕಿದ್ದರೆ ಎಳೆ ಎಷ್ಟು ಹೊತ್ತು ಬಾಳೀತು?

ಈ ಮುರಿತ ಸಾಮಾನ್ಯ ಎಕ್ಸ್‌ರೇಯಲ್ಲಿ ಹಲವು ವೇಳೆ ಕಾಣಿಸುವುದಿಲ್ಲ. ಆದ್ದರಿಂದ ಕಿರುಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ ಒತ್ತಿದರೆ ನೋವು, ಹಿಡಿ ಬಿಗಿದರೆ ನೋವು ಎಂದಿದ್ದರೆ ಆ ಜಾಗವನ್ನೇ ಡಾಕ್ಟರರಿಗೆ ಬೆರಳಿಟ್ಟು ತೋರಿಸಿರಿ. ಬೇರೆ ಕೋನದ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಅದನ್ನು ಹಿಡಿಯಬಲ್ಲದು. ಬೇಗ ಗೊತ್ತಾದರೆ ಪಟ್ಟು ಹಾಕಿ ಕೂಡಿಸಬಹುದು, ಇಲ್ಲವೆ ಮುರುಕು ಕೊಕ್ಕೆಯನ್ನು ತೆಗೆದುಹಾಕಬಹುದು. ಹುರಿ ಸವೆದು ಹರಿದ ಮೇಲೆ ತುದಿಗೆ ತುದಿ ಹೊಲಿಯುವುದು ಅನೇಕ ವೇಳೆ ಆಗದು. ಬೇರೆಡೆಯ ಹುರಿ ತಂದು ಕಸಿ ಮಾಡಬೇಕು, ಅಥವಾ ಪಕ್ಕದ ಬೆರಳಿನ ಹುರಿಗೆ ಜೋಡಿಸಬೇಕು. ಆಮೇಲೆ ವಾರಗಟ್ಟಲೆ ವ್ಯಾಯಾಮ.

ಮಣಿಕಟ್ಟಿನ ಮೇಲಿನ ದೊಡ್ಡ ಮೂಳೆ ಮುರಿದು, ಅಂಗೈ ಕಡೆಯಿಂದ ಲೋಹದ ಪಟ್ಟಿ ಕೂರಿಸಿಕೊಂಡವರೂ ಎಚ್ಚರವಾಗಿರಬೇಕು. ಪಟ್ಟಿಯ ಅಂಚು ಎದ್ದಿದ್ದರೆ ಹೆಬ್ಬೆರಳಿನ ಹುರಿ ಸವೆಯಬಹುದು. ಹೆಬ್ಬೆರಳು ಮಡಿಸುವಾಗ ಕರಕರ ಎಂದರೆ, ನೋವಾದರೆ ತಡಮಾಡದೆ ತೋರಿಸಿರಿ.

ಒಂದು ಪರೀಕ್ಷೆ ಹೇಳುತ್ತೇನೆ. ಬೆರಳಿನ ನಡುಗೆಣ್ಣನ್ನು ಇನ್ನೊಂದು ಕೈಯಿಂದ ನೆಟ್ಟಗೆ ಹಿಡಿದು ತುದಿಯನ್ನಷ್ಟೇ ಮಡಿಸಿ ನೋಡಿರಿ. ಮಡಚದಿದ್ದರೆ ಆಸ್ಪತ್ರೆಗೆ ಹೋಗಿರಿ, ಮಾಲೀಶಿಗಲ್ಲ.

ಕಡೆಯ ಮಾತು. ಬಿದ್ದ ದಿನವೇ ಮಾಲೀಕರಿಗೆ ತಿಳಿಸಿ ಅಪಘಾತದ ಪುಸ್ತಕದಲ್ಲಿ ಬರೆಸಿರಿ, ಚೀಟಿಗಳನ್ನು ಜೋಪಾನವಾಗಿಡಿರಿ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ.ಗೆ ಸೇರಿದವರಿಗೆ ಕೆಲಸದಲ್ಲಾದ ಪೆಟ್ಟಿಗೆ ಚಿಕಿತ್ಸೆಯೂ ಉಂಟು, ಕೂಲಿ ತಪ್ಪಿದ ದಿನಗಳಿಗೆ ಹಣವೂ ಉಂಟು. ಆದರೆ ತಿಂಗಳುಗಳ ಮೇಲೆ ಬೆರಳು ನಿಂತಾಗ, ಇದು ಆ ದಿನದ ಪೆಟ್ಟಿನ ಫಲವೆಂದು ತೋರಿಸಲು ಕಾಗದ ಬೇಕು. ರಜೆ ಕೇಳಲು ಸಂಕೋಚಪಟ್ಟು ಹಿಡಿತವನ್ನೇ ಕಳೆದುಕೊಳ್ಳಬೇಡಿರಿ.