ಎಂಜಿನ್ನಿಗೆ ತಕ್ಕ ಗೇರು, ರಸ್ತೆಗೆ ತಕ್ಕ ಎಂಜಿನ್ನು

ಕೊಡಗಿನ ಉತ್ತರದ ಅಂಚಿನಲ್ಲಿ, ಕಾವೇರಿಯ ದಂಡೆಯಲ್ಲಿರುವ ಶಿರಂಗಾಲದಿಂದ ಹೊರಡುವ ಗಾಡಿಗೆ ಎರಡು ಬಗೆಯ ದಾರಿ ಸಿಗುತ್ತದೆ. ಕೊಣನೂರಿನ ಕಡೆಗೆ ತಿರುಗಿದರೆ ಹೆಚ್ಚು ಏರಿಳಿತವಿಲ್ಲದ ಹಾಸನ ಜಿಲ್ಲೆಯ ಬಯಲು. ಕುಶಾಲನಗರ ದಾಟಿ ಮಡಿಕೇರಿಯ ಕಡೆಗೆ ಹೋದರೆ ಏರು, ತಿರುವು, ಮಳೆಗಾಲದಲ್ಲಿ ಮಂಜು. ಇನ್ನೂ ಮುಂದಕ್ಕೆ ಹೋದರೆ ಸಂಪಾಜೆ ಘಾಟಿಯ ಇಳಿಜಾರು. ಎಲ್ಲವನ್ನೂ ಒಂದೇ ಗಾಡಿ ನಿಭಾಯಿಸಬೇಕು. "ಗಾಡಿ ಎಳೀತಿಲ್ಲ, ಎಂಜಿನ್ ಕೆಲಸ ಮಾಡಿಸಬೇಕು" ಎಂಬ ಮಾತನ್ನು ನಮ್ಮ ಗ್ಯಾರೇಜುಗಳಲ್ಲಿ ನೀವೂ ಕೇಳಿರುತ್ತೀರಿ. ಎಂಜಿನ್ ಸವೆದಿದ್ದರೆ ಕೆಲಸ ಮಾಡಿಸಲೇಬೇಕು. ಎಂಜಿನ್ ಚೆನ್ನಾಗಿದ್ದೂ ಗಾಡಿ ಎಳೆಯದಿದ್ದರೆ, ಹೆಡ್ಡು ಬಿಚ್ಚುವ ಮುಂಚೆ ಗೇರು, ಕ್ರೌನ್-ಪಿನಿಯನ್ನು, ಟಯರು ಈ ಮೂರರ ಲೆಕ್ಕ ಹಾಕಿ ನೋಡಿ ಎಂದು ಹೇಳಲು ಇವತ್ತು ಬಂದಿದ್ದೇನೆ.

ಕೊಡಗಿನಲ್ಲಿ ಮನೆಮಾತಾದ ಗಾಡಿ ಜೀಪು. ಅದನ್ನೇ ತೆಗೆದುಕೊಳ್ಳೋಣ. ಎರಡನೇ ಮಹಾಯುದ್ಧದ ಸೇನೆಯ ಜೀಪಿನ ಆಕ್ಸಲ್ ಹೌಸಿಂಗಿನಲ್ಲಿ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8 ಹಲ್ಲು. ಅಂದರೆ ಪ್ರೊಪೆಲ್ಲರ್ ಶಾಫ್ಟು 4.88 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 1945ರಲ್ಲಿ ಅದೇ ಜೀಪನ್ನು ರೈತರಿಗೆಂದು ಮಾರಲು ಹೊರಟಾಗ ವಿಲ್ಲಿಸ್ ಕಂಪನಿ ಈ ಲೆಕ್ಕವನ್ನು 43 ಮತ್ತು 8ಕ್ಕೆ, ಅಂದರೆ 5.38ಕ್ಕೆ ಬದಲಿಸಿತು. ಎಂಜಿನ್ನಿನ ಅಳತೆ ಮುಂಚಿನದೇ, 2199 ಸಿಸಿ. ನೇಗಿಲು ಎಳೆಯುವ ಬಲ ಬಂದದ್ದು ಹಲ್ಲಿನ ಲೆಕ್ಕದಿಂದ. ಮಹೀಂದ್ರಾ ಕಂಪನಿ ನಮ್ಮ ದೇಶದಲ್ಲಿ ತಯಾರಿಸಿದ ಸಿಜೆ-3ಬಿ ಜೀಪಿಗೂ ಈ 5.38 ಬಂತು.

ಇದರಿಂದ ಆಗುವ ವ್ಯತ್ಯಾಸ ನೋಡಿ. ಟಯರಿನ ಎತ್ತರ 28 ಇಂಚು, ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ಎಂದಿಟ್ಟುಕೊಳ್ಳಿ. 5.38ರಲ್ಲಿ ಜೀಪು ಗಂಟೆಗೆ ಸುಮಾರು 75 ಕಿಲೋಮೀಟರ್ ಓಡುತ್ತದೆ. 4.88ರಲ್ಲಿ ಸುಮಾರು 82. ಬಯಲಿನಲ್ಲಿ ಏಳು ಕಿಲೋಮೀಟರ್ ಲಾಭ. ಅದಕ್ಕೆ ಪ್ರತಿಯಾಗಿ ಏರಿನಲ್ಲಿ ಎಳೆತ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಹೋಯಿತು.

ಈಗ ನೋಟಕ್ಕೆ ಚೆಂದವೆಂದು 31 ಇಂಚಿನ ಟಯರು ಹಾಕಿಸಿದಿರಿ ಅನ್ನಿ. 5.38 ಇದ್ದದ್ದು 4.86 ಆದ ಹಾಗೆ ಆಗುತ್ತದೆ. ಅಂದರೆ ಹೌಸಿಂಗ್ ಬಿಚ್ಚದೆಯೇ ರೈತರ ಜೀಪು ಸೇನೆಯ ಜೀಪಿನ ಲೆಕ್ಕಕ್ಕೆ ಮರಳಿತು. ಆಮೇಲೆ ಎಂಜಿನ್ನಿಗೆ ದಮ್ಮಿಲ್ಲ ಎಂದರೆ ಅದು ಎಂಜಿನ್ನಿನ ತಪ್ಪಲ್ಲ. ಮೀಟರು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಘಾಟಿ ಇಳಿಯುವಾಗ ಎಂಜಿನ್ ಹಿಡಿತವೂ ಅಷ್ಟೇ ಪ್ರಮಾಣದಲ್ಲಿ ಸಡಿಲವಾಗಿ ಬ್ರೇಕು ಹೆಚ್ಚು ಕಾಯುತ್ತದೆ. ನನಗೆ ನಿಜಕ್ಕೂ ಕಳವಳ ತರುವುದು ಇದೇ.

ಇನ್ನು ಗೇರ್‌ಬಾಕ್ಸಿನ ವಿಚಾರ. ಹಳೆಯ ಜೀಪಿಗೆ ಮೂರೇ ಗೇರು: ಫಸ್ಟು 2.80, ಸೆಕೆಂಡು 1.55, ಟಾಪು 1. ಸೆಕೆಂಡಿನಲ್ಲಿ 3000 ಸುತ್ತು ತಿರುಗುತ್ತಿದ್ದ ಎಂಜಿನ್ ಟಾಪಿಗೆ ಹಾಕಿದೊಡನೆ 1930ರ ಆಸುಪಾಸಿಗೆ ಬೀಳುತ್ತದೆ. ಅಲ್ಲೂ ಎಂಜಿನ್ನಿಗೆ ಕಸುವಿದ್ದರೆ ಗಾಡಿ ಏರುತ್ತದೆ. ಇಲ್ಲದಿದ್ದರೆ ಮತ್ತೆ ಸೆಕೆಂಡೇ ಗತಿ. ಹಳೆ ಜೀಪಿನ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯುವಂಥದ್ದು, ಆದ್ದರಿಂದ ಈ ಅಂತರವನ್ನು ಅದು ತಾಳಿಕೊಳ್ಳುತ್ತದೆ.

ಪಿಕಪ್ ಬೇಕೆಂದು ಇಂಥ ಎಂಜಿನ್ನಿಗೆ ಜೋರಿನ ಕ್ಯಾಮ್‌ಶಾಫ್ಟ್ ಹಾಕಿಸುವವರಿದ್ದಾರೆ. ಅಂಥ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ವೇಗದ ಸುತ್ತಿನಲ್ಲಿ ಸಿಲಿಂಡರು ಚೆನ್ನಾಗಿ ತುಂಬಿಕೊಳ್ಳುತ್ತದೆ, ನಿಜ. ನಿಧಾನದ ಸುತ್ತಿನಲ್ಲಿ ಮಾತ್ರ ಒಳಗೆ ಬಂದ ಗಾಳಿಯಲ್ಲಿ ಒಂದಷ್ಟು ವಾಪಸು ಹೋಗಿ ಕಂಪ್ರೆಷನ್ ಕುಗ್ಗುತ್ತದೆ. ಅದನ್ನು ಸರಿದೂಗಿಸಲು ಹೆಡ್ಡನ್ನು ಉಜ್ಜಿಸಿ ಕಂಪ್ರೆಷನ್ ಏರಿಸಬೇಕು. ಜೊತೆಗೆ ಕಾರ್ಬ್ಯುರೇಟರನ್ನೂ ದೊಡ್ಡದು ಮಾಡಿದರೆ ಕಡಿಮೆ ಸುತ್ತಿನಲ್ಲಿ ಗಾಳಿಯ ವೇಗ ಇಳಿದು ಪೆಟ್ರೋಲು ಸರಿಯಾಗಿ ಬೆರೆಯುವುದಿಲ್ಲ. ಫ್ಲೈವೀಲನ್ನು ಲೇತಿಗೆ ಕೊಟ್ಟು ಹಗುರ ಮಾಡಿಸಿದರೆ ಎಂಜಿನ್ ಥಟ್ಟನೆ ಸುತ್ತು ಏರುತ್ತದೆ, ಆದರೆ ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವಾಗ ಆಫ್ ಆಗುತ್ತದೆ, ಕ್ಲಚ್ ಪ್ಲೇಟು ಸುಡುತ್ತದೆ. ಒಟ್ಟಿನಲ್ಲಿ ಬಲವೆಲ್ಲ 3500 ಸುತ್ತಿನ ಮೇಲಕ್ಕೆ ಹೋಗಿ ಕೂತಿತು. ಮೂರು ಗೇರಿನ ಪೆಟ್ಟಿಗೆಯಲ್ಲಿ ಆ ಬಲ ಕೈಗೆ ಸಿಗುವುದೇ ಅಪರೂಪ. ಅದಕ್ಕೆ ಹತ್ತಿರ ಹತ್ತಿರದ ಐದು ಗೇರು ಬೇಕು. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗೂ ಮೇಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಸುಮಾರು ಹತ್ತನೇ ಒಂದು ಭಾಗ ಬಲವನ್ನು ಹಾಗೆಯೇ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಈ ಹೊಂದಾಣಿಕೆಯಲ್ಲಿ ದೊಡ್ಡ ಕಂಪನಿಗಳೂ ಎಡವಿವೆ. 1985ರಲ್ಲಿ ಮದರಾಸಿನಿಂದ ಸ್ಟ್ಯಾಂಡರ್ಡ್ 2000 ಎಂಬ ಕಾರು ಬಂತು. ಇಂಗ್ಲೆಂಡಿನ ರೋವರ್ ಕಾರಿನ ಸೊಗಸಾದ ಬಾಡಿ. ಒಳಗೆ ವ್ಯಾನ್‌ಗಾರ್ಡ್ ಕಾರಿನ ಕಾಲದ ಹಳೆಯ 1991 ಸಿಸಿ ಎಂಜಿನ್. ಇಂಗ್ಲೆಂಡಿನಲ್ಲಿ 3.5 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನನ್ನೂ ಹೊತ್ತಿದ್ದ ಬಾಡಿ ಅದು. ಪೆಟ್ರೋಲು ಕುಡಿಯುವ, ವೇಗ ಹಿಡಿಯದ ಗಾಡಿ ಎಂದು ಹೆಸರಾಗಿ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಅದೇ ದಶಕದ ಕಾಂಟೆಸ್ಸಾ ಕೂಡ ಶುರುವಾದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಿಂದ, ಭಾರಕ್ಕೆ ಅದು ಸಾಲಲಿಲ್ಲ. ಆಮೇಲೆ ಇಸುಝು ಕಂಪನಿಯ 1817 ಸಿಸಿ ಎಂಜಿನ್ ಬಂದಾಗ ಜೊತೆಗೆ ಐದು ಗೇರಿನ ಪೆಟ್ಟಿಗೆಯೂ ಬಂತು. ಕಾಂಟೆಸ್ಸಾವನ್ನು ಜನ ಇಂದಿಗೂ ಪ್ರೀತಿಯಿಂದ ನೆನೆಯುವುದು ಆ ಜೋಡಿಯಿಂದಾಗಿ.

ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವ ಆಸೆಯುಳ್ಳವರಿಗೆ ಒಂದು ಮಾತು. ಎಂಜಿನ್ ನಂಬರ್ ಆರ್‌ಸಿಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಹಣ ಸುರಿಯಬೇಡಿ.

ನಿಮ್ಮ ಜೀಪಿನಲ್ಲಿ ಯಾವ ಹಲ್ಲಿನ ಲೆಕ್ಕವಿದೆ ಎಂದು ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿ, ಗೇರನ್ನು ನ್ಯೂಟ್ರಲಿಗೆ ತನ್ನಿ. ಹಳೆ ಜೀಪಿನ ಹ್ಯಾಂಡ್‌ಬ್ರೇಕು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವುದರಿಂದ ಅದನ್ನು ಬಿಡಬೇಕಾಗುತ್ತದೆ. ಹಾಗಾಗಿ ಮೊದಲು ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಟಯರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಇದು ಎರಡೂ ಚಕ್ರ ಒಂದೊಂದು ಸುತ್ತು ತಿರುಗಿದ್ದಕ್ಕೆ ಸಮ. ಶಾಫ್ಟು ಐದೂಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ 43-8, ಐದಕ್ಕೆ ಸ್ವಲ್ಪ ಕಡಿಮೆಯಾದರೆ 39-8. ಮುಂದಿನ ಆಕ್ಸಲನ್ನೂ ಹೀಗೇ ನೋಡಿ. ಬೇರೆ ಬೇರೆ ಗಾಡಿಗಳ ಬಿಡಿಭಾಗ ಸೇರಿಸಿ ಕಟ್ಟಿದ ಜೀಪಿನಲ್ಲಿ ಹಿಂದಿನದೊಂದು, ಮುಂದಿನದೊಂದು ಇರುವ ಸಾಧ್ಯತೆಯಿದೆ. ಎರಡೂ ಒಂದೇ ಆಗುವವರೆಗೆ ಆ ಗಾಡಿಯನ್ನು ಫೋರ್‌ವೀಲಿಗೆ ಹಾಕಬೇಡಿ.